ಹೆಸರೂ ಕಾಯಕವೂ: ಹೈದರಾಬಾದು ಸೀಮೆಯ ಕಥೋಲಿಕ ಸೇವಾನಿರತೆಯನ್ನು ನೆನೆಯುವ ಬಗೆ

1. ಪೀಠಿಕೆ

ಕಥೋಲಿಕ ಧರ್ಮಕೇಂದ್ರವೊಂದರ ಬದುಕನ್ನು ಹತ್ತಿರದಿಂದ ಕಂಡವರಿಗೆ ಒಬ್ಬ ಹೆಣ್ಣುಮಗಳ ಪರಿಚಯ ಇದ್ದೇ ಇರುತ್ತದೆ. ಬೆಳಗಿನ ಬಲಿಪೂಜೆಗೆ ಎಲ್ಲರಿಗಿಂತ ಮೊದಲು ಬಂದು ಪೀಠದ ವಸ್ತ್ರವನ್ನು ಹಾಸುವವಳು ಆಕೆ. ಶನಿವಾರ ಹೂವು ಜೋಡಿಸುವವಳು, ಭಾನುವಾರ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುವವಳು, ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮನೆಮನೆಯ ಜಪಮಾಲೆಗೆ ಜನರನ್ನು ಕೂಡಿಸುವವಳು ಆಕೆಯೇ. ರೋಗಿ ಯಾರು, ಬಾಡಿಗೆ ಕಟ್ಟಲಾಗದವರು ಯಾರು, ಯಾವ ಮನೆಯ ಮಗು ಇನ್ನೂ ದೀಕ್ಷಾಸ್ನಾನ ಪಡೆದಿಲ್ಲ ಎಂಬುದನ್ನು ಗುರುಗಳಿಗೆ ತಿಳಿಸುವವಳೂ ಆಕೆ. ಸಾವಿನ ಮನೆಯಲ್ಲಿ ಪ್ರಾರ್ಥನೆಯನ್ನು ಮೊದಲು ಎತ್ತಿಕೊಳ್ಳುವ ದನಿ ಸಾಮಾನ್ಯವಾಗಿ ಆಕೆಯದು. ಗುರುಗಳು ಕೆಲವು ವರ್ಷ ಇದ್ದು ವರ್ಗವಾಗಿ ಹೋಗುತ್ತಾರೆ. ಆಕೆ ಅಲ್ಲಿಯೇ ಉಳಿಯುತ್ತಾಳೆ.

ಇಂತಹ ಸ್ತ್ರೀ ತೀರಿಕೊಂಡಾಗ ದೇವಾಲಯ ತುಂಬುತ್ತದೆ. ಮೂವತ್ತನೆಯ ದಿನದ ಪೂಜೆಯವರೆಗೆ ಆಕೆಯ ಮಾತು ನಡೆಯುತ್ತದೆ. ನವೆಂಬರ್ 2ರ ಸಕಲ ಮೃತರ ಸ್ಮರಣೆಯ ದಿನ ಸಮಾಧಿಯ ಮೇಲೆ ಹೂವೂ ಮೇಣದ ಬತ್ತಿಯೂ ಕಾಣುತ್ತವೆ. ಒಂದು ತಲೆಮಾರು ಕಳೆದ ಮೇಲೆ ಉಳಿಯುವುದು "ಹೂವು ಜೋಡಿಸುತ್ತಿದ್ದ ಒಬ್ಬ ಅಜ್ಜಿ ಇದ್ದರು" ಎಂಬಷ್ಟು ಮಾತು ಮಾತ್ರ. ಧರ್ಮಕೇಂದ್ರದ ಶತಮಾನೋತ್ಸವದ ಸಂಚಿಕೆ ಹೊರಬಂದಾಗ ಅದರಲ್ಲಿ ಅಸ್ತಿಭಾರ ಹಾಕಿದ ಧರ್ಮಾಧ್ಯಕ್ಷರ ಹೆಸರಿರುತ್ತದೆ, ಗೋಪುರ ಕಟ್ಟಿಸಿದ ಗುರುಗಳ ಹೆಸರಿರುತ್ತದೆ, ಗಂಟೆಯನ್ನು ದಾನ ಕೊಟ್ಟವರ ಹೆಸರಿರುತ್ತದೆ. ಈ ಅಜ್ಜಿಯ ಹೆಸರಿರುವುದಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಹೈದರಾಬಾದು ಸೀಮೆಯನ್ನು ಆಧಾರವಾಗಿಟ್ಟುಕೊಂಡು, ಇಂತಹ ಸ್ತ್ರೀಯನ್ನು ಚರಿತ್ರೆಯ ಶಿಸ್ತಿನೊಳಗೆ ನೆನೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ. ಆಕೆಯ ಬಗೆಗೆ ದಾಖಲೆಗಳೇ ಇಲ್ಲವೆಂದು ಹೇಳುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ದಾಖಲೆಯಲ್ಲಿ ಆಕೆಯ ಹೆಸರಿದೆ, ಕೆಲಸವಿಲ್ಲ. ನೆನಪಿನಲ್ಲಿ ಕೆಲಸವಿದೆ, ಹೆಸರಿಲ್ಲ. ಇವೆರಡನ್ನು ಕೂಡಿಸುವುದು ಸಂಶೋಧಕನ ಕರ್ತವ್ಯ. ಹಾಗೆ ಕೂಡಿಸಿಕೊಳ್ಳುವ ಒಂದು ಹಳೆಯ ಮಾದರಿಯೂ ಕನ್ನಡ ಸಾಹಿತ್ಯದಲ್ಲಿದೆ ಎಂಬುದನ್ನು ತೋರಿಸುವುದು ಈ ಬರಹದ ಉದ್ದೇಶ.

2. ಸೀಮೆಯ ಹಿನ್ನೆಲೆ

ಹೈದರಾಬಾದು ಸಂಸ್ಥಾನವು ತೆಲುಗು, ಮರಾಠಿ, ಕನ್ನಡ ಭಾಷಾಪ್ರದೇಶಗಳನ್ನು ಒಳಗೊಂಡಿದ್ದ ರಾಜ್ಯ. ಬೀದರ್, ಗುಲ್ಬರ್ಗಾ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅವುಗಳ ಆಡಳಿತಕೇಂದ್ರ ಹೈದರಾಬಾದು ನಗರವೇ ಆಗಿತ್ತು. ಧರ್ಮಾಡಳಿತದ ಗಡಿಗಳು ರಾಜಕೀಯ ಗಡಿಗಳಂತೆ ಕೂಡಲೇ ಬದಲಾಗಲಿಲ್ಲ. 2005ರಲ್ಲಿ ಸ್ಥಾಪಿತವಾದ ಗುಲ್ಬರ್ಗಾ ಧರ್ಮಪ್ರಾಂತವು ಬೆಳಗಾವಿ ಧರ್ಮಪ್ರಾಂತ ಮತ್ತು ಹೈದರಾಬಾದು ಮಹಾಧರ್ಮಪ್ರಾಂತಗಳ ಭಾಗಗಳನ್ನು ಬೇರ್ಪಡಿಸಿ ರಚಿಸಿದ್ದು. ಆದುದರಿಂದ ಕನ್ನಡ ನಾಡಿನ ಈಶಾನ್ಯಭಾಗದ ಕಥೋಲಿಕ ಚರಿತ್ರೆಯನ್ನು ಬರೆಯುವವರು ಹೈದರಾಬಾದಿನ ಕಡೆಗೆ ನೋಡದೆ ಮುಂದುವರಿಯುವಂತಿಲ್ಲ.

ನಗರದ ಕಥೋಲಿಕ ಬದುಕಿಗೆ ಸಿಕಂದರಾಬಾದು ದಂಡುಪ್ರದೇಶದ ಹಿನ್ನೆಲೆಯಿದೆ. 1806ರಲ್ಲಿ ನೆಲೆಗೊಂಡ ಈ ದಂಡಿನಲ್ಲಿ ಐರಿಷ್ ಸೈನಿಕರಿದ್ದರು. ದಂಡನ್ನು ಅನುಸರಿಸಿ ಬಂದ ತಮಿಳು ಕುಟುಂಬಗಳಿದ್ದವು. ಗೋವೆಯವರು, ಆಂಗ್ಲೋ ಇಂಡಿಯನ್ನರು, ತೆಲುಗರು ಬಂದು ಸೇರಿದರು. ಐರ್ಲೆಂಡಿನಿಂದ ಬಂದ ಡೇನಿಯಲ್ ಮರ್ಫಿ ಅವರ ಕಾಲದಲ್ಲಿ, 1850ರಲ್ಲಿ, ಸಿಕಂದರಾಬಾದಿನ ಸಂತ ಮೇರಿಯ ದೇವಾಲಯ ಪೂರ್ಣಗೊಂಡಿತು. 2008ರಲ್ಲಿ ಅದು ಬೆಸಿಲಿಕಾ ಎಂಬ ಗೌರವ ಪಡೆಯಿತು. 1851ರಲ್ಲಿ ಹೈದರಾಬಾದು ಪ್ರತ್ಯೇಕ ವಿಕಾರಿಯೇಟ್ ಆಯಿತು. 1855ರಿಂದ ಮಿಲಾನಿನ ಮಿಷನರಿ ಗುರುಗಳು ಇಲ್ಲಿ ಕೆಲಸ ಮಾಡತೊಡಗಿದರು. ಗನ್‌ಫೌಂಡ್ರಿಯ ಸಂತ ಜೋಸೆಫರ ದೇವಾಲಯಕ್ಕೆ 1870ರಲ್ಲಿ ಅಸ್ತಿಭಾರ ಬಿದ್ದಿತು. 1886ರಲ್ಲಿ ವಿಕಾರಿಯೇಟ್ ಧರ್ಮಪ್ರಾಂತವಾಯಿತು, 1953ರಲ್ಲಿ ಮಹಾಧರ್ಮಪ್ರಾಂತವಾಯಿತು.

ಇದು ಎಲ್ಲರೂ ಬರೆಯುವ ಚರಿತ್ರೆ. ಇದರಲ್ಲಿ ಬರುವ ಹೆಸರುಗಳೆಲ್ಲ ಪುರುಷರವು, ಘಟನೆಗಳೆಲ್ಲ ಕಟ್ಟಡಗಳವು ಅಥವಾ ಆಜ್ಞಾಪತ್ರಗಳವು. ಕಟ್ಟಿದ ದೇವಾಲಯದೊಳಗೆ ಐದಾರು ಭಾಷೆಗಳ ಜನ ಒಂದು ಸಮುದಾಯವಾಗಿ ಕೂಡಿಬಂದದ್ದು ಹೇಗೆಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ.

3. ಹೆಸರಿದ್ದೂ ಕೆಲಸವಿಲ್ಲದ ದಾಖಲೆ

ಧರ್ಮಕೇಂದ್ರದ ದಾಖಲೆಪುಸ್ತಕ ಒಂದು ವಿಶಿಷ್ಟ ಆಕರ. ದೀಕ್ಷಾಸ್ನಾನ ಪಡೆದವರ ಮತ್ತು ಅವರ ಜ್ಞಾನಮಾತಾಪಿತೃಗಳ ಹೆಸರುಗಳನ್ನೂ ವಿವಾಹವಾದವರ ಹೆಸರುಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. ಒಂದು ಮಗುವಿಗೆ ಒಬ್ಬರು, ಹೆಚ್ಚೆಂದರೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಜ್ಞಾನಮಾತಾಪಿತೃಗಳಾಗಬಹುದೆಂದು ಅದೇ ಸಭೆ ಮಿತಿ ಹಾಕಿತು. 1614ರ ರೋಮನ್ ವಿಧಿಗ್ರಂಥವು ಮರಣದ ಪುಸ್ತಕವನ್ನೂ ಕುಟುಂಬಗಳ ಸ್ಥಿತಿಗತಿಯ ಪುಸ್ತಕವನ್ನೂ ಇದಕ್ಕೆ ಸೇರಿಸಿತು. ಹೀಗಾಗಿ, ಸರ್ಕಾರದ ಜನಗಣತಿ ಆರಂಭವಾಗುವುದಕ್ಕಿಂತ ಬಹಳ ಹಿಂದೆಯೇ, ಸಾಮಾನ್ಯ ಹೆಂಗಸಿನ ಹೆಸರನ್ನು ದಿನಾಂಕದೊಡನೆ ಬರೆದಿಡುವ ಒಂದು ಪದ್ಧತಿ ಕಥೋಲಿಕ ಸಮುದಾಯಗಳಲ್ಲಿ ನೆಲೆಗೊಂಡಿತ್ತು.

ಈ ಪುಸ್ತಕಗಳ ಅಂಕಣಗಳನ್ನು ಗಮನಿಸಬೇಕು. ಮಗುವಿನ ಹೆಸರು, ಜನ್ಮದಿನ, ತಂದೆತಾಯಿಗಳ ಹೆಸರು, ವಾಸಸ್ಥಳ, ಜ್ಞಾನತಂದೆ, ಜ್ಞಾನತಾಯಿ, ದೀಕ್ಷೆ ಕೊಟ್ಟ ಗುರು. ತಂದೆಯ ಉದ್ಯೋಗಕ್ಕೆ ಸಾಮಾನ್ಯವಾಗಿ ಒಂದು ಅಂಕಣವಿರುತ್ತದೆ, ತಾಯಿಯ ಉದ್ಯೋಗಕ್ಕೆ ಇರುವುದಿಲ್ಲ. ಹೆಸರುಗಳನ್ನು ಬರೆಯುವಾಗ ಗುರುಗಳು ಅವನ್ನು ಲ್ಯಾಟಿನ್ ರೂಪಕ್ಕೆ ತಿರುಗಿಸುವುದು ರೂಢಿಯಲ್ಲಿತ್ತು. ಮನೆಯಲ್ಲಿ ಮರಿಯಮ್ಮ, ಅನ್ನಮ್ಮ ಎಂದು ಕರೆಸಿಕೊಂಡವರು ಪುಸ್ತಕದಲ್ಲಿ ಮರಿಯಾ, ಅನ್ನಾ ಆಗುತ್ತಾರೆ. ತಮಿಳಿನವಳೋ ತೆಲುಗಿನವಳೋ ಕನ್ನಡದವಳೋ ಎಂಬ ಸುಳಿವು ಆ ಒಂದು ಅಕ್ಷರಪಲ್ಲಟದಲ್ಲಿ ಅಳಿದುಹೋಗುತ್ತದೆ.

ಆದರೂ ಎರಡು ಕಡೆ ಆಕೆಯ ಕೆಲಸ ಇಣುಕುತ್ತದೆ. ಮೊದಲನೆಯದು ಜ್ಞಾನತಾಯಿಯ ಅಂಕಣ. ಬಂಧುಬಳಗವಿದ್ದ ಮಗುವಿಗೆ ಚಿಕ್ಕಮ್ಮನೋ ಅತ್ತೆಯೋ ಜ್ಞಾನತಾಯಿಯಾಗುತ್ತಾಳೆ. ಅನಾಥ ಶಿಶುವಿಗೆ, ಊರಿಗೆ ಹೊಸದಾಗಿ ಬಂದ ಕುಟುಂಬಕ್ಕೆ, ಹೊಸದಾಗಿ ಕ್ರೈಸ್ತರಾದವರಿಗೆ ಯಾರು ನಿಲ್ಲಬೇಕು? ಒಂದೇ ಧರ್ಮಕೇಂದ್ರದ ಪುಸ್ತಕದಲ್ಲಿ ಒಂದೇ ಹೆಸರು, ಒಂದೇ ವಾಸಸ್ಥಳದೊಡನೆ, ಪರಸ್ಪರ ಸಂಬಂಧವಿಲ್ಲದ ಕುಟುಂಬಗಳ ಮಕ್ಕಳಿಗೆ ಮತ್ತೆ ಮತ್ತೆ ಜ್ಞಾನತಾಯಿಯಾಗಿ ಬಂದರೆ, ನಾವು ಹುಡುಕುತ್ತಿರುವ ಸ್ತ್ರೀ ಆಕೆಯೇ ಎಂದು ಊಹಿಸಲು ಸಾಕಷ್ಟು ಆಧಾರವಿದೆ. ಬಿಡಿ ಶಾಸನಗಳಲ್ಲಿ ಮರುಕಳಿಸುವ ಹೆಸರಿನಿಂದ ಒಬ್ಬ ರೂವಾರಿಯನ್ನೋ ಲಿಪಿಕಾರನನ್ನೋ ಗುರುತಿಸುವ ವಿಧಾನ ನಮ್ಮ ವಿದ್ವಾಂಸರಿಗೆ ಹೊಸದಲ್ಲ. ಇಲ್ಲಿಯೂ ಅದೇ ವಿಧಾನ ಸಲ್ಲುತ್ತದೆ. ಮರಿಯಾ, ಅನ್ನಾ, ರೋಸಾ ಎಂಬ ಹೆಸರುಗಳು ಅತಿ ಸಾಮಾನ್ಯವಾದುದರಿಂದ ಗಂಡನ ಹೆಸರು ಮತ್ತು ವಾಸಸ್ಥಳವನ್ನು ತಾಳೆ ನೋಡದೆ ನಿರ್ಣಯಕ್ಕೆ ಬರಬಾರದು ಎಂಬ ಎಚ್ಚರವಷ್ಟೇ ಬೇಕು.

ಎರಡನೆಯದು ತುರ್ತು ದೀಕ್ಷಾಸ್ನಾನದ ನಮೂದು. ಪ್ರಾಣಾಪಾಯದ ಸಂದರ್ಭದಲ್ಲಿ ಗುರುವಲ್ಲದವರೂ, ಹೆಂಗಸರೂ ಸಹ, ದೀಕ್ಷಾಸ್ನಾನ ಕೊಡಬಹುದೆಂದು ಫ್ಲಾರೆನ್ಸಿನ ಮಹಾಸಭೆ 1439ರಲ್ಲಿಯೇ ಸ್ಪಷ್ಟಪಡಿಸಿತ್ತು. ಹುಟ್ಟಿದೊಡನೆ ಸಾಯುವ ಸ್ಥಿತಿಯಲ್ಲಿದ್ದ ಶಿಶುವಿನ ತಲೆಯ ಮೇಲೆ ನೀರು ಹೊಯ್ದು ಮಂತ್ರವನ್ನು ಉಚ್ಚರಿಸುತ್ತಿದ್ದವಳು ಸೂಲಗಿತ್ತಿ, ಇಲ್ಲವೆ ಪಕ್ಕದ ಮನೆಯ ಭಕ್ತೆ. ಮಗು ಬದುಕಿದರೆ ಆ ದೀಕ್ಷೆ ಮನೆಯಲ್ಲಿ ಆಯಿತೆಂದು ಪುಸ್ತಕದಲ್ಲಿ ಬರೆಯಬೇಕಾಗುತ್ತಿತ್ತು. ಬಲಿಪೀಠದ ಬಳಿ ಸ್ತ್ರೀಗೆ ಯಾವ ಅಧಿಕಾರವೂ ಇರದಿದ್ದ ಶತಮಾನಗಳಲ್ಲಿ, ಸಂಸ್ಕಾರವೊಂದನ್ನು ಆಕೆ ತನ್ನ ಕೈಯಾರೆ ನೆರವೇರಿಸಿದ್ದಕ್ಕೆ ಇದ್ದ ಲಿಖಿತ ಸಾಕ್ಷ್ಯ ಇದು. ಸಂಶೋಧಕರು ಈ ನಮೂದುಗಳನ್ನು ಪ್ರತ್ಯೇಕವಾಗಿ ಎತ್ತಿಕೊಳ್ಳಬೇಕು.

4. ಕೆಲಸವಿದ್ದೂ ಹೆಸರಿಲ್ಲದ ನೆನಪು

ಹೈದರಾಬಾದಿನ ಕಥೋಲಿಕ ಸ್ತ್ರೀಸೇವೆಯ ಚರಿತ್ರೆಯಲ್ಲಿ 1871 ಮುಖ್ಯವಾದ ವರ್ಷ. ಧರ್ಮಾಧ್ಯಕ್ಷ ಬಾರ್ಬೆರೊ ಅವರ ಆಡಳಿತದ ಕಾಲದಲ್ಲಿ ಇಟಲಿಯ ಟ್ಯೂರಿನ್ ನಗರದಿಂದ ಸಂತ ಆನ್ನಳ ಧರ್ಮಭಗಿನಿಯರು ಸಿಕಂದರಾಬಾದಿಗೆ ಬಂದರು. ಸೂಯೆಜ್ ಕಾಲುವೆ ತೆರೆದು ಆಗ ಎರಡು ವರ್ಷವಾಗಿತ್ತಷ್ಟೆ. ಅವರು ನೆಲೆಗೊಳಿಸಿದ ಸಂತ ಆನ್ನಳ ಮಠ ಮತ್ತು ಶಾಲೆ ನಗರದ ಸ್ತ್ರೀಶಿಕ್ಷಣದ ಇತಿಹಾಸಕ್ಕೆ ಸೇರಿದ ವಿಷಯ. 1904ರಲ್ಲಿ ಮರಿಯಳ ಫ್ರಾನ್ಸಿಸ್ಕನ್ ಮಿಷನರಿ ಭಗಿನಿಯರು ಗನ್‌ಫೌಂಡ್ರಿಯಲ್ಲಿ ರೋಸರಿ ಕಾನ್ವೆಂಟನ್ನು ಆರಂಭಿಸಿದರು. ಮಂಗಳೂರಿನ ಓದುಗರಿಗೆ ಪರಿಚಿತರಾದ ಸಂತ ಬಾರ್ತೊಲೊಮೆಯಾ ಕಪಿತಾನಿಯೊ ಅವರ ಕರುಣೆಯ ಭಗಿನಿಯರು 1959ರಲ್ಲಿ ಬೇಗಂಪೇಟೆಯಲ್ಲಿ ಸಂತ ಫ್ರಾನ್ಸಿಸ್ ಮಹಿಳಾ ಕಾಲೇಜನ್ನು ಸ್ಥಾಪಿಸಿದರು.

ಸಂತ ಆನ್ನಳ ಸಭೆಯನ್ನು 1834ರಲ್ಲಿ ಸ್ಥಾಪಿಸಿದವರು ಬರೋಲೊ ಮನೆತನದ ತಾಂಕ್ರೆದಿ ಮತ್ತು ಜೂಲಿಯಾ ಎಂಬ ದಂಪತಿಗಳು. ಫ್ರಾನ್ಸಿನಲ್ಲಿ ಹುಟ್ಟಿ ಟ್ಯೂರಿನ್ನಿನಲ್ಲಿ ನೆಲೆಸಿದ ಜೂಲಿಯಾ ಸೆರೆಮನೆಯ ಹೆಂಗಸರ ನಡುವೆ ಕೆಲಸ ಮಾಡಿದವರು, 1864ರಲ್ಲಿ ತೀರಿಕೊಂಡರು. ಭಗಿನಿಯರನ್ನು ಭಾರತಕ್ಕೆ ಕಳುಹಿದವರು ಅಂದಿನ ಮಹಾಶ್ರೇಷ್ಠೆ ಮರಿಯಾ ಎನ್ರಿಕೆತ್ತಾ ದೊಮಿನಿಚಿ. 1829ರಲ್ಲಿ ಕಾರ್ಮಾಞೋಲ ಎಂಬ ಊರಿನ ಸಾಮಾನ್ಯ ಮನೆಯಲ್ಲಿ ಹುಟ್ಟಿದ ಈಕೆ 1861ರಿಂದ 1894ರಲ್ಲಿ ಸಾಯುವವರೆಗೆ 33 ವರ್ಷ ಸಭೆಯನ್ನು ನಡೆಸಿದರು. 1978ರ ಮೇ 7ರಂದು ಆರನೆಯ ಪಾಲ್ ಜಗದ್ಗುರುಗಳು ಇವರನ್ನು ಧನ್ಯರೆಂದು ಘೋಷಿಸಿದರು. 2015ರಲ್ಲಿ ಜೂಲಿಯಾ ಅವರಿಗೆ ಪೂಜ್ಯೆ ಎಂಬ ಪದವಿ ಸಂದಿತು.

ಇಲ್ಲಿ ನೆನಪಿನ ಏರ್ಪಾಡನ್ನು ಗಮನಿಸಬೇಕು. ಧನ್ಯತೆಯ ವಿಚಾರಣೆ ಎಂದರೆ ಪತ್ರಗಳನ್ನು ಸಂಗ್ರಹಿಸುವುದು, ಕಂಡವರ ಸಾಕ್ಷ್ಯವನ್ನು ಬರೆದುಕೊಳ್ಳುವುದು, ಜೀವನಚರಿತ್ರೆಯನ್ನು ಪರಿಶೀಲಿಸುವುದು. ಹಿಂದೆ ಒಂದು ಸಂಸ್ಥೆ ನಿಂತಾಗ ದೊಮಿನಿಚಿಯವರ ನೆನಪು ನೂರು ವರ್ಷ ದಾಟಿ ಬಂದಿತು. ಅವರು ಕಳುಹಿದ ಭಗಿನಿಯರ ಬಗೆಗೆ ನಗರದ ಚರಿತ್ರೆಗಳು "ಭಗಿನಿಯರು ಬಂದರು, ಶಾಲೆ ತೆರೆದರು, ರೋಗಿಗಳನ್ನು ನೋಡಿಕೊಂಡರು" ಎಂದು ಬಹುವಚನದಲ್ಲಿ ಮಾತನಾಡುತ್ತವೆ. ಕೆಲಸ ಇದೆ, ಮಾಡಿದ ಒಬ್ಬೊಬ್ಬರು ಇಲ್ಲ. ಸಭೆಯನ್ನು ಸೇರಿದಾಗ ಹೊಸ ಹೆಸರನ್ನು ಪಡೆಯುವ ಪದ್ಧತಿ ಇದಕ್ಕೆ ಇನ್ನೊಂದು ಕಾರಣ. ದೊಮಿನಿಚಿಯವರ ಮೊದಲ ಹೆಸರು ಕತೆರೀನಾ. ದಖನ್ನಿನ ಯಾವುದೋ ಹಳ್ಳಿಯಿಂದ ಬಂದು ಮಠ ಸೇರಿದ ಹುಡುಗಿಯೂ ಹೀಗೆಯೇ ಬೇರೊಂದು ಹೆಸರನ್ನು ತೊಟ್ಟಾಗ, ಆಕೆಯ ತಾಯಿನುಡಿ, ಕುಲ, ಊರುಗಳು ಮಠದ ಪ್ರವೇಶಪುಸ್ತಕದ ಆಚೆಗೆ ಕಾಣುವುದಿಲ್ಲ. ಮಠಗಳ ಪ್ರವೇಶಪುಸ್ತಕಗಳನ್ನು ಧರ್ಮಕೇಂದ್ರದ ಪುಸ್ತಕಗಳೊಡನೆ ಹೋಲಿಸಿದಾಗ ಮಾತ್ರ ಅವಳು ಮತ್ತೆ ಒಬ್ಬ ವ್ಯಕ್ತಿಯಾಗುತ್ತಾಳೆ.

ಮಠದ ಭಗಿನಿಗಾದರೂ ಮಠದ ಸಮಾಧಿಭೂಮಿಯಿದೆ, ಸಭೆಯ ಪ್ರಾರ್ಥನೆಯಿದೆ. ಮನೆಯಲ್ಲಿದ್ದು ಮಕ್ಕಳನ್ನು ಸಾಕಿ ಉಳಿದ ಹೊತ್ತನ್ನು ಧರ್ಮಕೇಂದ್ರಕ್ಕೆ ಕೊಟ್ಟ ಗೃಹಿಣಿಗೆ ಅದೂ ಇಲ್ಲ. ಸಮಾಧಿಯ ಕಲ್ಲು ಆಕೆಯನ್ನು ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಪರಿಚಯಿಸುತ್ತದೆಯೇ ಹೊರತು ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳೆಂದು ಹೇಳುವುದು ಅಪರೂಪ.

5. ಮುದಗಲ್ಲಿನ ಒಂದು ನಿದರ್ಶನ

ನಿಜಾಮರ ರಾಜ್ಯದೊಳಗಿದ್ದ ಕನ್ನಡ ಕಥೋಲಿಕ ನೆಲೆಗಳಲ್ಲಿ ಅತಿ ಹಳೆಯದು ರಾಯಚೂರು ಸೀಮೆಯ ಮುದಗಲ್ಲು. ಅಲ್ಲಿಯ ಸಮುದಾಯದ ಮೂಲವನ್ನು ಬಿಜಾಪುರದ ಆದಿಲಶಾಹಿಗಳ ಕಾಲಕ್ಕೆ ಒಯ್ಯುತ್ತಾರೆ. ನಿಜಾಮರ ಸೇವೆಯಲ್ಲಿದ್ದು ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ (1808–1876) ಈ ಸಮುದಾಯವನ್ನು ಬಲ್ಲವನಾಗಿದ್ದ. ಆತ ತೀರಿಕೊಂಡ ಮೇಲೆ 1878ರಲ್ಲಿ ಪ್ರಕಟವಾದ, ಚಾಂದಬೀಬಿಯನ್ನು ಕುರಿತ "ಎ ನೋಬಲ್ ಕ್ವೀನ್" ಕಾದಂಬರಿಯಲ್ಲಿ ಮುದಗಲ್ಲಿನ ಧರ್ಮಕೇಂದ್ರವೂ ಬರುತ್ತದೆ. ಅಲ್ಲಿಯ ಪೋರ್ಚುಗೀಸ್ ಗುರುವಿನ ಸಹೋದರಿ ದೋನಾ ಮರಿಯಾ ಎಂಬ ಭಕ್ತೆ ಆ ಕಥೆಯ ಒಂದು ಪಾತ್ರ.

ಈ ಪಾತ್ರವನ್ನು ಚರಿತ್ರೆಯೆಂದು ಒಪ್ಪಿಕೊಳ್ಳಲು ಬರುವುದಿಲ್ಲ. ಆದರೆ ಒಂದು ಅಂಶ ವಿಚಾರಾರ್ಹ. ಗುರುವೊಬ್ಬನೇ ಇದ್ದರೆ ಧರ್ಮಕೇಂದ್ರದ ಚಿತ್ರ ಪೂರ್ಣವಾಗುವುದಿಲ್ಲ ಎಂದು ಕಾದಂಬರಿಕಾರನಿಗೆ ತೋರಿದೆ. ಹೆಂಗಸರ ನಡುವೆ ಓಡಾಡಬಲ್ಲ ಒಬ್ಬ ಹೆಂಗಸು ಅವನಿಗೆ ಬೇಕಾಗಿದ್ದಾಳೆ. ಆಕೆಗೆ ಅವನು ಹೆಸರನ್ನೂ ಮಾತನ್ನೂ ಕೊಟ್ಟಿದ್ದಾನೆ. ಆದರೆ ಆಕೆ ಹೊರಗಿನಿಂದ ಬಂದ ಉಚ್ಚಕುಲದವಳು. ಮುದಗಲ್ಲಿನಲ್ಲಿ ತಲೆಮಾರುಗಳ ಕಾಲ ಕನ್ನಡದಲ್ಲಿ ಪ್ರಾರ್ಥನೆಯನ್ನು ಮಕ್ಕಳ ಬಾಯಿಗೆ ಹಾಕಿದ ತಾಯಂದಿರಿಗೆ ಕಾದಂಬರಿಯಲ್ಲಿಯೂ ಹೆಸರು ಸಿಕ್ಕಿಲ್ಲ. ಗುರುಗಳಿಲ್ಲದ ವರ್ಷಗಳಲ್ಲಿ ಒಂದು ಸಣ್ಣ ಸಮುದಾಯ ತನ್ನ ಪ್ರಾರ್ಥನೆಯನ್ನು ಮರೆಯದೆ ಉಳಿಸಿಕೊಳ್ಳಬೇಕಾದರೆ ಅದು ಮನೆಯೊಳಗೆ, ಹೆಂಗಸರ ಕಂಠದಲ್ಲಿ ಉಳಿಯಬೇಕು ಎಂಬುದನ್ನು ಜಾನಪದದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

6. ಕನ್ನಡದ ಎರಡು ಮಾದರಿಗಳು

ಭಕ್ತೆಯೊಬ್ಬಳನ್ನು ನೆನೆಯುವ ಬಗೆ ಕನ್ನಡಕ್ಕೆ ಹೊಸದಲ್ಲ. ಒಂದು ಮಾದರಿ ಅತ್ತಿಮಬ್ಬೆಯದು. 993ರಲ್ಲಿ ರನ್ನ ತನ್ನ ಅಜಿತಪುರಾಣದಲ್ಲಿ ಆಕೆಯನ್ನು ಕೀರ್ತಿಸಿದ. 1007ರ ಲಕ್ಕುಂಡಿಯ ಶಾಸನ ಆಕೆಯ ದಾನಗಳನ್ನು ಕಲ್ಲಿನಲ್ಲಿ ನಿಲ್ಲಿಸಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆಕೆಯ ಭಕ್ತಿ ದೊಡ್ಡದು, ಸಂದೇಹವಿಲ್ಲ. ಆದರೆ ಆ ನೆನಪಿಗೆ ಸಂಪತ್ತೂ ಕವಿಯೂ ಬೇಕಾಯಿತು. ಧರ್ಮಕೇಂದ್ರಗಳ ಅಮೃತಶಿಲೆಯ ಫಲಕಗಳು ಇಂದಿಗೂ ಇದೇ ಮಾದರಿಯವು: ಕೊಟ್ಟವರ ಹೆಸರು ಉಳಿಯುತ್ತದೆ.

ಇನ್ನೊಂದು ಮಾದರಿ ಹನ್ನೆರಡನೆಯ ಶತಮಾನದ ಶರಣೆಯರದು. ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ ಎಂಬ ಹೆಸರುಗಳನ್ನು ನೋಡಬೇಕು. ಚೆಲ್ಲಿದ ಅಕ್ಕಿಯನ್ನು ಆಯುವುದು, ಭತ್ತ ಕುಟ್ಟುವುದು, ನೂಲು ತೆಗೆಯುವುದು ಇಲ್ಲಿ ಹೆಸರಿನ ಭಾಗವೇ ಆಗಿವೆ. ಭಕ್ತರ ಅಂಗಳ ಗುಡಿಸುವುದು ಸತ್ಯಕ್ಕನ ಕಾಯಕವೆಂದು ಪರಂಪರೆ ನೆನೆಯುತ್ತದೆ. ಇವರಲ್ಲಿ ದಾನಿಗಳಿಲ್ಲ, ರಾಣಿಯರಿಲ್ಲ. ಗಂಡನ ಕುಲವಾಗಲಿ ತಂದೆಯ ಊರಾಗಲಿ ಇವರ ಗುರುತಾಗಲಿಲ್ಲ. ದಿನನಿತ್ಯ ಮಾಡಿದ ಕೆಲಸವೇ ಗುರುತಾಯಿತು. ಹೆಸರು ಮತ್ತು ಕೆಲಸ ಒಂದೇ ಪದಪುಂಜದಲ್ಲಿ ಬೆಸೆದುಕೊಂಡದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ನೆನೆಯಲು ಆಗದಂತಾಯಿತು. ಶರಣಧರ್ಮ ಮತ್ತು ಕಥೋಲಿಕ ಧರ್ಮಗಳನ್ನು ತತ್ತ್ವದ ನೆಲೆಯಲ್ಲಿ ಸಮೀಕರಿಸುವುದು ನಮ್ಮ ಉದ್ದೇಶವಲ್ಲ. ನೆನಪಿನ ರಚನೆಯಾಗಿ ಈ ಎರಡನೆಯ ಮಾದರಿಯೇ ನಮ್ಮ ವಿಷಯಕ್ಕೆ ಒಗ್ಗುತ್ತದೆ ಎಂಬುದಷ್ಟೇ ನಮ್ಮ ವಾದ.

7. ಆಗಬೇಕಾದ ಕೆಲಸ

ಹೆಸರೂ ಕೆಲಸವೂ ಒಟ್ಟಿಗೆ ಸಿಗುವ ಒಂದು ಆಧುನಿಕ ಆಕರವೂ ಇದೆ. 1921ರಲ್ಲಿ ಡಬ್ಲಿನ್ನಿನಲ್ಲಿ ಫ್ರಾಂಕ್ ಡಫ್ ಆರಂಭಿಸಿದ ಮರಿಯ ಸೇನೆ ಭಾರತದ ಧರ್ಮಕೇಂದ್ರಗಳಲ್ಲಿಯೂ ಬೇರೂರಿತು. ಅದರ ನಿಯಮದಂತೆ ಸದಸ್ಯರು ವಾರಕ್ಕೊಮ್ಮೆ ಸೇರಿ, ಹಿಂದಿನ ವಾರ ತಾವು ಮಾಡಿದ ಕೆಲಸವನ್ನು ವರದಿ ಮಾಡಬೇಕು. ಅದನ್ನು ನಡಾವಳಿಯಲ್ಲಿ ಬರೆಯಬೇಕು. ಯಾರು ಯಾವ ರೋಗಿಯನ್ನು ನೋಡಲು ಹೋದರು, ಯಾವ ಓಣಿಯ ಮನೆಗಳಿಗೆ ಭೇಟಿ ಕೊಟ್ಟರು ಎಂಬ ವಿವರ ಹೀಗೆ ದಾಖಲಾಗುತ್ತದೆ. ಕಾರ್ಯದರ್ಶಿಯ ಮನೆಯ ಕಪಾಟಿನಲ್ಲಿದ್ದು, ಮನೆ ಬದಲಾಯಿಸುವಾಗ ರದ್ದಿಗೆ ಹೋಗಬಹುದಾದ ವಸ್ತುಗಳು ಇಂತಹ ನಡಾವಳಿಪುಸ್ತಕಗಳು. ಅಗ್ಗದ ಕಾಗದದ ಈ ಪುಸ್ತಕಗಳನ್ನು ತಡಮಾಡದೆ ಪ್ರತಿ ಮಾಡಿಟ್ಟುಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂಬ ಬೋಧೆಯನ್ನು ನಂಬಿ ಬಾಳಿದವಳು ಆಕೆ. ಹೆಸರು ಬೇಡವೆಂದವಳ ಹೆಸರನ್ನು ಹುಡುಕಿ ತೆಗೆಯುವುದು ಆಕೆಯ ಭಕ್ತಿಗೆ ಅಪಚಾರವಲ್ಲವೆ? ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಒಯ್ಯಲು ಹೇಳಿದ ಲಕ್ಕಮ್ಮನಿಗೂ ಕೀರ್ತಿಯ ಹಂಬಲವಿರಲಿಲ್ಲ. ಆದರೂ ಆಕೆಯನ್ನು ಮರೆತಿದ್ದರೆ ನಷ್ಟವಾಗುತ್ತಿದ್ದುದು ಆಕೆಗಲ್ಲ, ಆ ಪರಂಪರೆಗೆ. ಮರೆಯಲ್ಲಿರುವುದು ಸೇವೆ ಮಾಡಿದವಳ ಆಯ್ಕೆಯಾಗಬಹುದು. ಅದನ್ನು ನೆವವಾಗಿಟ್ಟುಕೊಂಡು ಸೇವೆ ಪಡೆದವರು ಆಕೆಯನ್ನು ಮರೆಯುವಂತಿಲ್ಲ. ಇನ್ನು ದಾಖಲೆಗಳಲ್ಲಿ ಜನ್ಮದ, ವಿವಾಹದ ಖಾಸಗಿ ಸಂಗತಿಗಳೂ ಇರುವುದರಿಂದ ಇತ್ತೀಚಿನ ತಲೆಮಾರುಗಳ ವಿಷಯದಲ್ಲಿ ಕುಟುಂಬದವರ ಒಪ್ಪಿಗೆಯಿಲ್ಲದೆ ಯಾವುದನ್ನೂ ಪ್ರಕಟಿಸಬಾರದು.

ಧರ್ಮಸಭೆಯ ದೃಷ್ಟಿಯೂ ಬದಲಾಗಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಗೃಹಸ್ಥರ ಪ್ರೇಷಿತಕಾರ್ಯವನ್ನು ಕುರಿತ ಆದೇಶವನ್ನು ಹೊರಡಿಸಿತು. 2021ರ ಜನವರಿಯಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ವಾಚಕಿಯ ಮತ್ತು ಪೀಠಸೇವಕಿಯ ವಿಧ್ಯುಕ್ತ ಸ್ಥಾನಗಳನ್ನು ಸ್ತ್ರೀಯರಿಗೆ ತೆರೆದರು. ಅದೇ ವರ್ಷದ ಮೇ 10ರಂದು ಧರ್ಮೋಪದೇಶಿಯ ಕಾರ್ಯವನ್ನು ಒಂದು ಸೇವಾಸ್ಥಾನವೆಂದು ಸ್ಥಾಪಿಸಿದರು. ಸಿಕಂದರಾಬಾದಿನ ಓಣಿಗಳಲ್ಲಿ, ಬೀದರಿನ ಹಳ್ಳಿಗಳಲ್ಲಿ, ಮುದಗಲ್ಲಿನ ಮನೆಗಳಲ್ಲಿ ಹೆಂಗಸರು ಯಾವ ಸ್ಥಾನವೂ ಇಲ್ಲದೆ ಮಾಡಿಕೊಂಡು ಬಂದಿದ್ದ ಕೆಲಸಕ್ಕೆ ಹೀಗೆ ತಡವಾಗಿಯಾದರೂ ಒಂದು ಹೆಸರು ದೊರೆತಿದೆ. ಮಾಡಿದವರ ಹೆಸರನ್ನು ಆ ಕೆಲಸಕ್ಕೆ ಸೇರ್ಪಡಿಸುವುದು ಉಳಿದಿದೆ.

ಕರ್ನಾಟಕದ ಹೊರಗೆ ಸಂಶೋಧನೆಯಲ್ಲಿ ತೊಡಗಿರುವ ನಮ್ಮ ಓದುಗರಿಗೆ ಈ ಆಕರಗಳು ಹತ್ತಿರದಲ್ಲಿವೆ. ಧರ್ಮಕೇಂದ್ರವೊಂದನ್ನು ಆರಿಸಿಕೊಂಡು, ಅಲ್ಲಿಯ ಗುರುಗಳ ಅನುಮತಿ ಪಡೆದು, ಹಳೆಯ ದೀಕ್ಷಾಸ್ನಾನದ ಪುಸ್ತಕದ ಜ್ಞಾನತಾಯಿಯ ಅಂಕಣವನ್ನು ಮಾತ್ರ ನಕಲು ಮಾಡಿಕೊಂಡು, ಎಂಬತ್ತು ದಾಟಿದ ಹಿರಿಯರೊಬ್ಬರ ಎದುರು ಕುಳಿತು ಆ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಿದರೆ ಸಾಕು. ಯಾವುದೋ ಒಂದು ಹೆಸರಿಗೆ ಅವರು ತಡೆದು, "ಓ, ಹೂವು ಜೋಡಿಸುತ್ತಿದ್ದವರು" ಎನ್ನುತ್ತಾರೆ. ಆ ಮಾತನ್ನು ಹೆಸರಿನ ಪಕ್ಕದಲ್ಲಿ ದಿನಾಂಕದೊಡನೆ ಬರೆದುಕೊಳ್ಳಬೇಕು. ಹಾಗೆ ಹೇಳಬಲ್ಲವರು ಇನ್ನು ಹೆಚ್ಚು ಕಾಲ ನಮ್ಮೊಡನೆ ಇರುವುದಿಲ್ಲ.